ಸೈಕಲ್ ಸ್ಟ್ಯಾಂಡ್ ರಿಪೇರಿ ಎಂಬ ಕಾಮಗಾರಿ

ಕನ್‌ಸ್ಟ್ರಕ್ಷನ್ ಮ್ಯಾನೇಜ್‌ಮೆಂಟನ್ನು ಮೈನರ್ ಆಗಿ ತೆಗೆದುಕೊಂಡಿರುವ ಮಕ್ಕಳಿಗೆ ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ಕಟ್ಟಡ ಕಟ್ಟುವುದು ಕಷ್ಟವಲ್ಲ, ಕಟ್ಟುವುದಕ್ಕೆ ಶುರು ಮಾಡುವುದು ಕಷ್ಟ. ಇದು ನಿಮ್ಮ ಪಠ್ಯಪುಸ್ತಕದಲ್ಲಿಲ್ಲ. ಇದ್ದಿದ್ದರೆ ಅದನ್ನೂ ಉರು ಹೊಡೆದು ಪರೀಕ್ಷೆಯಲ್ಲಿ ಕಾರಿ ಬರುತ್ತಿದ್ದಿರಿ.

ನಾನು ಮಧುಗಿರಿಯವಳು. ಮೊದಲು ಸೈಟಿನಲ್ಲಿ ಬಿಸಿಲು ತಿಂದು, ಆಮೇಲೆ ಮಧುಗಿರಿ-ಕೊರಟಗೆರೆ ನಡುವಿನ ಒಂದು ಖಾಸಗಿ ಇಂಜಿನಿಯರಿಂಗ್ ಕಾಲೇಜಿನ ಸಿವಿಲ್ ವಿಭಾಗದಲ್ಲಿ ಸೀಮೆಸುಣ್ಣದ ಪುಡಿ ತಿಂದು, ಈಗ ಮನೆಯಲ್ಲಿ ಕೂತಿದ್ದೇನೆ. ಬಡ್ತಿ, ಸನ್ಮಾನದ ಕಥೆಯೆಲ್ಲ ಬೇಡ. ಹೊದಿಸಿದ ಶಾಲುಗಳಲ್ಲಿ ಒಂದನ್ನು ತಂಗಿಯ ಮಗಳು ಇಸ್ತ್ರಿ ಮಾಡುವ ಟೇಬಲ್ಲಿಗೆ ಹಾಸಿಕೊಂಡಿದ್ದಾಳೆ, ಉಪಯೋಗಕ್ಕೆ ಬಂದದ್ದು ಅದೊಂದೇ.

ನನ್ನ ಮೊದಲ ಸೈಟು ಶಿರಾದಲ್ಲಿ, ಒಂದು ಹಾಸ್ಟೆಲ್ ಕಟ್ಟಡ. ಅಲ್ಲಿದ್ದ ನಮ್ಮ ಸಾಹೇಬರು ಜೀಪಿನಿಂದ ಇಳಿದ ಮನುಷ್ಯರಲ್ಲ. ಗಾಜು ಇಳಿಸಿ, ಕಂಬದ ಕಡೆ ಗಲ್ಲ ಎತ್ತಿ, "ಸೊಟ್ಟ" ಅನ್ನುವರು, ಹೋಗುವರು. ನಾನು ತೂಕದ ಗುಂಡು ಬಿಟ್ಟು ನೋಡಿದರೆ ಕಂಬ ನೆಟ್ಟಗೇ ಇರುತ್ತಿತ್ತು. ಸೊಟ್ಟಗೆ ನಿಂತಿರುತ್ತಿದ್ದದ್ದು ಇಳಿಜಾರಿನಲ್ಲಿದ್ದ ಜೀಪು. ಇದನ್ನು ಸಾಹೇಬರಿಗೆ ಹೇಳುವ ಧೈರ್ಯ ಯಾರಿಗಿತ್ತು? ಮೇಸ್ತ್ರಿ ಗೌಸ್ ಸಾಬ್ ನನ್ನನ್ನು ಪಕ್ಕಕ್ಕೆ ಕರೆದು, ಕಂಬ ಸೀದಾ ಮಾಡೋದು ಮುಷ್ಕಿಲ್ ಮೇಡಂ, ಜೀಪ್ ಸೀದಾ ಮಾಡೋಣ ಅಂದ. ಜೀಪು ನಿಲ್ಲುವ ಜಾಗಕ್ಕೆ ಜಲ್ಲಿ ಸುರಿದು ಮಟ್ಟ ಮಾಡಿದ. ಆವತ್ತಿನಿಂದ ಆ ಸೈಟಿನ ಕಂಬಗಳೆಲ್ಲ ನೆಟ್ಟಗಾದವು. ಮ್ಯಾನೇಜ್‌ಮೆಂಟ್ ಎಂದರೆ ಏನೆಂದು ನಾನು ಕಲಿತದ್ದು ಆವತ್ತು. ಪುಸ್ತಕ ಓದಿದ್ದು ಅದಕ್ಕಿಂತ ಬಹಳ ಆಮೇಲೆ.

ಆಗೆಲ್ಲ ಕೆಲಸದ ಪಟ್ಟಿ ಹಾಕುವುದು ಇದ್ದಿಲಿನಲ್ಲಿ, ಗೋಡೆಯ ಮೇಲೆ. ಪಾಯ ಇಷ್ಟು ದಿನ, ಗೋಡೆ ಇಷ್ಟು ದಿನ ಎಂದು ಗೆರೆ ಎಳೆಯುತ್ತಿದ್ದೆವು. ಒಂದು ದಿನ ಗಾರೆಯವರು ಅದೇ ಗೋಡೆಗೆ ಗಿಲಾವು ಮಾಡಿಬಿಟ್ಟರು. ಪಟ್ಟಿ ಅದರಡಿ ಸಮಾಧಿಯಾಯಿತು, ಕೆಲಸ ಮಾತ್ರ ಎಂದಿನಂತೆ ನಡೆಯಿತು. ಈಗ ಕಂಪ್ಯೂಟರಿನಲ್ಲಿ ಬಣ್ಣಬಣ್ಣದ ಪಟ್ಟಿ ಬರುತ್ತದೆ, ನೋಡುವುದಕ್ಕೆ ಸೀರೆ ಅಂಗಡಿಯ ಹಾಗಿರುತ್ತದೆ. ಆದರೆ ಶುಕ್ರವಾರ ಗೊರವನಹಳ್ಳಿ ಲಕ್ಷ್ಮಮ್ಮನ ಗುಡಿಗೆ ಹೋಗುವವರಿಂದ ಕೊರಟಗೆರೆ ಕಡೆಯ ಬಸ್ಸೆಲ್ಲ ತುಂಬಿ, ಬಾಂಡಲಿ ಹೊರುವ ಹೆಂಗಸರಿಗೆ ನಿಲ್ಲುವುದಕ್ಕೂ ಜಾಗ ಸಿಗುವುದಿಲ್ಲ ಎಂಬುದು ಆ ಕಂಪ್ಯೂಟರಿಗೆ ಗೊತ್ತಿಲ್ಲ. ಶುಕ್ರವಾರ ಕಾಂಕ್ರೀಟು ಇಟ್ಟುಕೊಂಡವನು ಮಿಕ್ಸರ್ ಮುಂದೆ ಒಬ್ಬನೇ ಕೂತು ಹಲ್ಲು ಕಡಿಯಬೇಕು. ಬರೆದುಕೊಳ್ಳಿ, ಇದೂ ಪುಸ್ತಕದಲ್ಲಿಲ್ಲ.

ಇನ್ನು ಮೈನರ್ ವಿಷಯ. ನಮ್ಮ ವಿಭಾಗಕ್ಕೆ ಅದು ಬಂದದ್ದು ಯಾರ ಪ್ರೀತಿಯಿಂದಲೂ ಅಲ್ಲ. ಸಿವಿಲ್ ಸೀಟು ಕೇಳುವವರಿಲ್ಲದೆ ನಾನು ಬೆಂಚುಗಳಿಗೆ ಪಾಠ ಹೇಳುವ ಕಾಲ ಬಂದಿತ್ತು. ಅಷ್ಟರಲ್ಲಿ ಹೊಸ ನಿಯಮ ಬಂತು. ಕಂಪ್ಯೂಟರ್ ಓದುವ ಮಕ್ಕಳು ಜೊತೆಗೆ ಬೇರೆ ವಿಭಾಗದ ಕೆಲವು ಪೇಪರು ಪಾಸು ಮಾಡಿದರೆ ಪದವಿಯ ಪಕ್ಕದಲ್ಲಿ ಅದನ್ನೂ ಮೈನರ್ ಎಂದು ಸೇರಿಸಿ ಕೊಡುತ್ತಾರಂತೆ. ಊಟದ ಜೊತೆ ಉಪ್ಪಿನಕಾಯಿ ಇದ್ದ ಹಾಗೆ. ಸಿವಿಲ್‌ನಲ್ಲಿ ಲೆಕ್ಕ ಕಡಿಮೆ, ಮೇಡಂ ಮಾರ್ಕ್ಸ್ ಧಾರಾಳ ಎಂದು ಯಾರೋ ಸುಳ್ಳು ಹಬ್ಬಿಸಿದ್ದರಿಂದ ನನ್ನ ತರಗತಿ ತುಂಬಿತು. ಇಟ್ಟಿಗೆಯನ್ನು ಫೋನಿನಲ್ಲಿ ಮಾತ್ರ ನೋಡಿದ್ದ ಮಕ್ಕಳು. ಒಬ್ಬ ನನ್ನನ್ನು ಸಿಮೆಂಟಿಗೂ ಕಾಂಕ್ರೀಟಿಗೂ ಏನು ವ್ಯತ್ಯಾಸ ಎಂದು ಕೇಳಿದ. ಹಿಟ್ಟಿಗೂ ಮುದ್ದೆಗೂ ಇರುವಷ್ಟು ಎಂದೆ. ಅವನಿಗೆ ಮುದ್ದೆ ಮಾಡುವುದೂ ಗೊತ್ತಿರಲಿಲ್ಲ.

ಆ ತರಗತಿಯಲ್ಲಿ ನಾಗಮಣಿ ಇದ್ದಳು. ಪಾವಗಡದ ಆಚೆ, ಆಂಧ್ರದ ಗಡಿಗೆ ಅಂಟಿಕೊಂಡಿರುವ ಹಳ್ಳಿಯ ಹುಡುಗಿ, ಕಂಪ್ಯೂಟರ್ ವಿಭಾಗದವಳು. ದಿನಾ ಬಸ್ಸಿನಲ್ಲಿ ಓಡಾಡುತ್ತಿದ್ದಳು. ಒಂದು ಮಧ್ಯಾಹ್ನ ನಾನು ಪಾಠ ಮಾಡುತ್ತಿರುವಾಗಲೇ ಬೆಂಚಿನ ಮೇಲೆ ಒರಗಿ ಬಿದ್ದಳು. ನನ್ನ ಪಾಠ ಕೇಳಿ ನಿದ್ದೆ ಹೋದವರನ್ನು ಬೇಕಾದಷ್ಟು ನೋಡಿದ್ದೆ, ಎಚ್ಚರ ತಪ್ಪಿದ್ದು ಇವಳೇ ಮೊದಲು. ಮೈ ಮುಟ್ಟಿದರೆ ಕೆಂಡ. ಮಧುಗಿರಿಯ ಆಸ್ಪತ್ರೆಗೆ ಕರೆದುಕೊಂಡು ಹೋದೆ. ಡಾಕ್ಟರಮ್ಮ ನನಗೇ ಬೈದರು. ಮೂತ್ರದ ಸೋಂಕು ಮೇಲಕ್ಕೆ ಏರಿದೆ, ಈ ಹುಡುಗಿ ನೀರು ಕುಡಿಯುವುದಿಲ್ಲವೇನ್ರೀ, ಇನ್ನೊಂದು ಸಲ ಹೀಗಾದರೆ ಕಿಡ್ನಿಗೆ ಬರುತ್ತದೆ ಎಂದರು.

ಯಾಕೆ ಕುಡಿಯುವುದಿಲ್ಲ ಎಂದು ಕೇಳಿದೆ. ಕಾಲೇಜಿನಲ್ಲಿ ಹೆಣ್ಣುಮಕ್ಕಳ ಶೌಚಾಲಯವನ್ನು ಒಂದು ಸಲ ನೋಡಿ ಮೇಡಂ ಎಂದಳು ಅಷ್ಟೇ. ಹೋಗಿ ನೋಡಿದೆ. ಕಾಲೇಜು ಶುರುವಾದಾಗ ಬೆರಳೆಣಿಕೆಯಷ್ಟು ಹುಡುಗಿಯರಿದ್ದ ಕಾಲದ್ದು ಅದು. ಬಾಗಿಲಿನ ಕೆಳಗಿನ ಅರ್ಧ ಗೆದ್ದಲು ತಿಂದಿತ್ತು, ನಲ್ಲಿಯಲ್ಲಿ ನೀರಿರಲಿಲ್ಲ. ಮೂಗು ಮುಚ್ಚಿಕೊಂಡು ಹೊರಗೆ ಬಂದೆ. ನಮ್ಮ ಹುಡುಗಿಯರೆಲ್ಲ ಬೆಳಿಗ್ಗೆ ಮನೆ ಬಿಟ್ಟರೆ ಸಂಜೆ ಮನೆ ಸೇರುವವರೆಗೆ ಬಾಯಿಗೆ ಹನಿ ನೀರು ಹಾಕುತ್ತಿರಲಿಲ್ಲ. ಬಾಟಲಿ ತರುತ್ತಿದ್ದರು, ತಂದ ಹಾಗೇ ವಾಪಸು ಒಯ್ಯುತ್ತಿದ್ದರು. ನಾನು ಮಾತ್ರ ಬೀಗ ಹಾಕಿದ ಸ್ಟಾಫ್ ಶೌಚಾಲಯದ ಬೀಗದ ಕೈ ಪರ್ಸಿನಲ್ಲಿಟ್ಟುಕೊಂಡು ಅವರಿಗೆ ಕಟ್ಟಡದ ಪಾಠ ಹೇಳುತ್ತಿದ್ದೆ. ಬೀಗದ ಕೈಯನ್ನು ಹುಡುಗಿಯರಿಗೆ ಕೊಟ್ಟೆ. ಇರುವುದು ಒಂದೇ ಕೋಣೆ, ಊಟದ ಬಿಡುವಿನ ತುಂಬ ಬಾಗಿಲಲ್ಲಿ ಸಾಲು. ಒಂದು ವಾರಕ್ಕೆ ಆಫೀಸಿನವರು ಬೀಗವನ್ನೇ ಬದಲಾಯಿಸಿದರು.

ನಾಗಮಣಿ ಆಸ್ಪತ್ರೆಯಲ್ಲಿದ್ದಾಗಲೇ ಅವಳ ಅಪ್ಪ ಆಂಜಿನಪ್ಪ ಬಂದಿದ್ದ. ಲಗೇಜ್ ಆಟೋ ಓಡಿಸುವ ಮನುಷ್ಯ. ಕೂಗಾಡಲಿಲ್ಲ, ಕೂಗಾಡಿದ್ದರೆ ಚೆನ್ನಾಗಿತ್ತು.

"ಬಿಡ್ಡ ಇಂಗೆ ನವೆದೋದ್ರೆ ಈ ಚದುವು, ಈ ಓದು ತಕಂಡು ಏನ್ ಮಾಡಾನ ಮೇಡಂ? ಈ ಸೆಮಿಸ್ಟರು ಮುಗೀಲಿ. ಬರೋ ಸೆಮಿಸ್ಟರಿಗೂ ಇದೇ ಕತೆ ಆದ್ರೆ ಟೀಸಿ ಇಸ್ಕಂಡು ಕರ್ಕಂಡೋಗ್ತೀನಿ. ಓದಿಗಿಂತ ಪಾಣ ದೊಡ್ಡದು."

ನಾಗಮಣಿ ಗೋಡೆ ಕಡೆ ಮುಖ ಮಾಡಿ ಮಲಗಿದ್ದಳು. ಅವರ ಮನೆತನದಲ್ಲಿ ಇಂಜಿನಿಯರಿಂಗಿಗೆ ಬಂದವಳು ಅವಳೊಬ್ಬಳೇ, ಅವಳನ್ನು ನೋಡಿ ಓದುತ್ತಿದ್ದ ತಂಗಿಯರೂ ಇದ್ದರು. ನಾನು ಶೌಚಾಲಯ ಕಟ್ಟಿಸುತ್ತೇನೆ ಎಂದು ಆಂಜಿನಪ್ಪನಿಗೆ ಮಾತು ಕೊಟ್ಟುಬಿಟ್ಟೆ. ಸಿವಿಲ್ ಇಂಜಿನಿಯರ್ ನಾನು, ನಾಲ್ಕು ಗೋಡೆ ಎಬ್ಬಿಸುವುದಕ್ಕೆ ಆಗುವುದಿಲ್ಲವೇ ಎಂಬ ಜಂಬ.

ಕಾಲೇಜಿನ ಕಾರ್ಯದರ್ಶಿ ಪರಮೇಶ್ವರಪ್ಪನವರು ಮಧುಗಿರಿಯ ಹಳೆಯ ವ್ಯಾಪಾರಸ್ಥರ ಮನೆಯವರು. ಕಾಲೇಜನ್ನು ಕಟ್ಟಿಸಿದ್ದು ಅವರ ತಂದೆ. ಕೇಳಿದ ತಕ್ಷಣ ಆಗಲಿ, ಕಟ್ಟಿಸೋಣ ಎಂದರು. ಖರ್ಚಿನ ಮಾತನ್ನೂ ಎತ್ತಲಿಲ್ಲ. ಆಮೇಲೆ ಗುದ್ದಲಿ ಪೂಜೆಯ ಮಾತು ಬಂತು, ಕೆಲಸ ಅಲ್ಲಿಗೆ ನಿಂತಿತು.

ನಮ್ಮ ಸೀಮೆಯಲ್ಲಿ ಗುದ್ದಲಿ ಪೂಜೆ ಇಲ್ಲದೆ ನೆಲಕ್ಕೆ ಗುದ್ದಲಿ ಬೀಳುವುದಿಲ್ಲ. ಪೂಜೆ ಎಂದ ಮೇಲೆ ಹೆಸರು ಕೆತ್ತಿದ ಕಲ್ಲು ಬೇಕು. ಕಾಲೇಜಿನ ಒಂದೊಂದು ಕಟ್ಟಡದಲ್ಲೂ ಪರಮೇಶ್ವರಪ್ಪನವರ ತಂದೆಯ ಹೆಸರಿನ ಕಲ್ಲಿದೆ.

"ನೀವೇ ಹೇಳಿ ಮೇಡಂ," ಎಂದರು ಅವರು, "ನಮ್ಮಪ್ಪಾರ ಹೆಸರು ಪಾಯಿಖಾನೆ ಮೇಲೆ ಕೆತ್ತಿಸ್ಲಾ?"

ಕಲ್ಲೇ ಬೇಡ ಎಂದೆ. ಕಲ್ಲಿಲ್ಲದ ಪೂಜೆ ಅನಾಥ ಕಟ್ಟಡಕ್ಕೆ ಮಾಡಿದಂತೆ ಎಂದರು. ಬೇರೆ ಯಾರದಾದರೂ ಹೆಸರು ಹಾಕಿ ಎಂದೆ. ಪ್ರಿನ್ಸಿಪಾಲರು ತಮ್ಮ ಸೇವಾವಧಿ ಇನ್ನೂ ಬಾಕಿಯಿದೆ ಎಂದು ಕೈ ಮುಗಿದರು. ಪೂಜೆ ಮಾಡುವ ಐನೋರನ್ನು ಕೇಳಿದರೆ, ಭೂಮಿಪೂಜೆಗೆ ಬರ್ತೀನಿ ಕಣಮ್ಮ, ಆದ್ರೆ ಅದಕ್ಕೆ ಯಾವ ಮಂತ್ರ ಹೇಳಲಿ ಅಂದರು. ವಾಸ್ತು ನೋಡುವವನು ಬಂದು ಈಶಾನ್ಯ ಬೇಡ, ಆಗ್ನೇಯ ಬೇಡ ಎನ್ನುತ್ತಾ ಕಾಲೇಜಿನ ಸುತ್ತ ಒಂದು ಸುತ್ತು ಬಂದು, ಕೊನೆಗೆ ಪಕ್ಕದವರ ಹುಣಸೆ ತೋಪು ಪ್ರಶಸ್ತ ಎಂದು ಹೇಳಿ ಹೋದ. ಪೂಜೆ ಬಿಟ್ಟು ಶುರು ಮಾಡೋಣವೆಂದರೆ ಕಂಟ್ರಾಕ್ಟರ್ ಒಪ್ಪಬೇಕಲ್ಲ. ಆ ಹೊತ್ತಿಗೆ ದೊಡ್ಡ ಕಂಟ್ರಾಕ್ಟರ್ ಆಗಿದ್ದ ನಮ್ಮ ಗೌಸ್ ಸಾಬ್‌ನನ್ನೇ ಶಿರಾದಿಂದ ಕರೆಸಿದ್ದೆ. ನಂದೇನೂ ತಕರಾರ್ ಇಲ್ಲ ಮೇಡಂ, ಆದ್ರೆ ಪೂಜೆ ಇಲ್ದೆ ನೆಲ ಅಗೀ ಅಂದ್ರೆ ನಮ್ಮ ದೊಡ್ಡೇರಿ ಗಾರೆಯವರು ಚೀಲ ಎತ್ಕೊಂಡು ಊರಿಗೆ ಹೋಗ್ತಾರೆ ಅಂದ.

ಸಿಟ್ಟಿಗೆ ಇದನ್ನೇ ಮೈನರ್ ತರಗತಿಗೆ ಪ್ರಾಜೆಕ್ಟಾಗಿ ಕೊಟ್ಟೆ. ಯಾವ ಕೆಲಸ ಮುಗಿಯದೆ ಯಾವ ಕೆಲಸ ಶುರುವಾಗುವುದಿಲ್ಲ ಎಂದು ಬಾಣ ಹಾಕಿ ಜಾಲ ಬರೆಯುವುದು ಈ ವಿಷಯದ ಮುಖ್ಯ ಪಾಠ. ಆ ಜಾಲದಲ್ಲಿ ಯಾವ ಸರಪಳಿ ತಡವಾದರೆ ಇಡೀ ಕಟ್ಟಡ ತಡವಾಗುತ್ತದೋ ಅದನ್ನು ಹುಡುಕಿ ಹಿಡಿಯಬೇಕು. ಮಕ್ಕಳು ಶ್ರದ್ಧೆಯಿಂದ ಬರೆದರು. ಎಲ್ಲರ ಜಾಲದಲ್ಲೂ ಮೊದಲ ಕೆಲಸ ಗುದ್ದಲಿ ಪೂಜೆ, ಅದರ ಮುಂದೆ ಎಷ್ಟು ದಿನ ಎಂಬ ಜಾಗ ಖಾಲಿ. ಕಂಪ್ಯೂಟರಿಗೆ ಹಾಕಿದರೆ ಅದು ಮುಕ್ತಾಯದ ದಿನವನ್ನೇ ತೋರಿಸಲಿಲ್ಲ.

ನಾಗಮಣಿ ಆಸ್ಪತ್ರೆಯಿಂದ ಬಂದು ಸೊರಗಿದ ಮುಖದಲ್ಲೇ ಆ ಜಾಲ ನೋಡುತ್ತಾ ಕೂತಿದ್ದಳು. ಗೌಸ್ ಸಾಬ್ ಆವತ್ತು ತರಗತಿಗೆ ಬಂದಿದ್ದ, ಮಕ್ಕಳಿಗೆ ಕೆಲಸದ ಅಂದಾಜು ಹೇಳಲಿ ಎಂದು ನಾನೇ ಕರೆದಿದ್ದೆ. ಅವಳು ಎದ್ದು ನಿಂತು ಕೇಳಿದಳು.

"ಸಾಬ್ರೇ, ಪೂಜೆ ಇಲ್ಲದೆ ನಿಮ್ಮ ಆಳುಗಳು ಯಾವ ಕೆಲಸ ಮಾಡ್ತಾರೆ?"

ಗೌಸ್ ಸಾಬ್ ತಲೆ ಕೆರೆದುಕೊಂಡ. "ರಿಪೇರಿ ಕೆಲಸ ಅಮ್ಮ. ರಿಪೇರಿಗೆ ಯಾರು ಪೂಜೆ ಮಾಡ್ತಾರೆ?"

"ಕಲ್ಲು?"

"ಅದಕ್ಕೆ ಕಲ್ಲೂ ಇಲ್ಲ, ವಾಸ್ತೂನೂ ಇಲ್ಲ."

ಆಟದ ಮೈದಾನದ ಅಂಚಿನಲ್ಲಿ ಒಂದು ಹಳೆಯ ಸೈಕಲ್ ಸ್ಟ್ಯಾಂಡ್ ಇತ್ತು. ಸೈಕಲ್ಲಿನಲ್ಲಿ ಬರುವವರು ನಿಂತುಹೋಗಿ ಎಷ್ಟೋ ಕಾಲವಾಗಿತ್ತು, ನಾಯಿಗಳು ಮರಿ ಹಾಕುತ್ತಿದ್ದವು. ಅದಕ್ಕೊಂದು ಹಿಂಗೋಡೆ, ಒಂದಿಷ್ಟು ಕಂಬ ಇದ್ದವು. ನಾಗಮಣಿ ಜಾಲದಲ್ಲಿ ಪೂಜೆಯನ್ನು ಅಳಿಸಿ, ಆ ಜಾಗದಲ್ಲಿ ಸೈಕಲ್ ಸ್ಟ್ಯಾಂಡ್ ರಿಪೇರಿ ಎಂದು ಬರೆದಳು. ಕಂಪ್ಯೂಟರು ಮುಕ್ತಾಯದ ದಿನ ತೋರಿಸಿತು, ಮುಂದಿನ ಸೆಮಿಸ್ಟರಿಗಿಂತ ಮುಂಚೆಯೇ. ನನ್ನ ಸರ್ವೀಸಿನಲ್ಲಿ ಒಬ್ಬ ವಿದ್ಯಾರ್ಥಿಯನ್ನು ತಬ್ಬಿಕೊಳ್ಳಬೇಕು ಅನ್ನಿಸಿದ್ದು ಆವತ್ತೇ. ಪೂರ್ತಿ ಮಾರ್ಕ್ಸ್ ಕೊಟ್ಟೆ, ತಬ್ಬಿಕೊಳ್ಳುವುದಕ್ಕಿಂತ ಅದು ಸುಲಭ.

ಪರಮೇಶ್ವರಪ್ಪನವರಿಗೆ ಸೈಕಲ್ ಸ್ಟ್ಯಾಂಡ್ ರಿಪೇರಿ ಮಾಡಿಸಬೇಕು ಎಂದೆ. ನನ್ನ ಮುಖ ನೋಡಿ, ಮಾಡ್ಸಿ ಎಂದರು.

ರಿಪೇರಿ ಶುರುವಾಯಿತು. ಚಾವಣಿಗೆ ಮೋಲ್ಡ್ ಹಾಕಿದರೆ ನಮ್ಮ ಕಡೆ ಅದು ಹೊಸ ಕಟ್ಟಡದ ಲೆಕ್ಕ. ಮೋಲ್ಡಿನ ದಿನ ಪೂಜೆಯಾಗಬೇಕು, ಆಳುಗಳಿಗೆ ಬಾಡೂಟ ಆಗಬೇಕು, ಊರಿಗೆಲ್ಲ ಗೊತ್ತಾಗಬೇಕು. ಅದಕ್ಕೇ ಮಕ್ಕಳು ಕಾಂಕ್ರೀಟಿನ ಚಾವಣಿ ಬಿಟ್ಟು ಶೀಟು ಹಾಕೋಣವೆಂದರು. ಬಾಡೂಟ ತಪ್ಪಿತೆಂದು ಗಾರೆಯವರು ಗೊಣಗಿದ್ದಕ್ಕೆ ಗೌಸ್ ಸಾಬ್ ಮನೆಯಿಂದ ಬಿರಿಯಾನಿ ಮಾಡಿಸಿ ತಂದ. ಆಮೇಲೆ ಶೌಚದ ಗುಂಡಿ ತೋಡುವ ಕೆಲಸ. ಅಲ್ಲಿ ಮಣ್ಣಿದೆ ಎಂದು ಕಂಪ್ಯೂಟರು ಅಂದುಕೊಂಡಿತ್ತು. ಮಧುಗಿರಿಯ ಬಂಡೆ ನೆಲದ ಮೇಲೆ ಎಷ್ಟಿದೆಯೋ ನೆಲದ ಕೆಳಗೂ ಅಷ್ಟೇ ಇದೆ ಎಂದು ನಾನು ಬಾಯಿ ಬಡಿದುಕೊಂಡಿದ್ದೆ, ಯಾರು ಕೇಳಿದರು? ಮೊಳದಾಳಕ್ಕೆ ಬಂಡೆ ಸಿಕ್ಕಿತು. ಮಷಿನ್ ತರಿಸಿ ಒಡೆಸಬೇಕಾಯಿತು. ಆ ಸದ್ದಿಗೆ ಪರಮೇಶ್ವರಪ್ಪನವರು ಆಫೀಸಿನಿಂದ ಎದ್ದು ಬಂದರು.

"ಸೈಕಲ್ ಸ್ಟ್ಯಾಂಡಿಗೆ ಇಷ್ಟು ಆಳ ಯಾಕೆ ಮೇಡಂ?" ಎಂದು ಕೇಳಿದರು.

"ಸ್ಟ್ಯಾಂಡು ಗಟ್ಟಿಯಾಗಿ ನಿಲ್ಲಬೇಕಲ್ಲ ಸಾರ್," ಎಂದೆ.

ಅವರು ಗುಂಡಿಯನ್ನು ನೋಡಿದರು. ಪಕ್ಕದಲ್ಲಿ ಜೋಡಿಸಿಟ್ಟಿದ್ದ ಪಿಂಗಾಣಿ ಬೇಸಿನ್ನುಗಳನ್ನೂ ನೋಡಿದರು. ಸೈಕಲ್ಲನ್ನು ಅದರಲ್ಲಿ ನಿಲ್ಲಿಸುತ್ತಾರೆಯೇ ಎಂದು ಕೇಳಿಯಾರು ಎಂದು ನಾನು ಬೇಸಿನ್ನುಗಳಿಗೆ ಅಡ್ಡ ನಿಂತೆ. ಮನುಷ್ಯ ಕಣ್ಣು ಒರೆಸಿಕೊಂಡು, ಧೂಳು ಜಾಸ್ತಿ ಎಂದು ಹೇಳಿ ಹೊರಟುಹೋದರು. ಆವತ್ತಿನವರೆಗೆ ನಾನು ಅವರನ್ನು ಬರೀ ಹೆಸರಿನ ಹುಚ್ಚಿನವರೆಂದು ತಿಳಿದಿದ್ದೆ.

ಎಲ್ಲ ಮುಗಿಯಿತು ಎನ್ನುವಾಗ ಬಾಗಿಲು ಕೈಕೊಟ್ಟಿತು. ಐ.ಡಿ.ಹಳ್ಳಿಯ ಬಡಗಿಗೆ ಸೈಕಲ್ ಸ್ಟ್ಯಾಂಡಿನ ಬಾಗಿಲು ಎಂದೇ ಆರ್ಡರ್ ಹೋಗಿತ್ತು. ಅವನು ಗಟ್ಟಿಮುಟ್ಟಾದ ಬಾಗಿಲು ಮಾಡಿ, ಎಲ್ಲದಕ್ಕೂ ಚಿಲಕವನ್ನು ಹೊರಗಡೆ ಬಡಿದಿದ್ದ. ಕೇಳಿದರೆ, ಸೈಕಲ್ಲು ಒಳಗಿನಿಂದ ಚಿಲಕ ಹಾಕ್ಕೊಳ್ತದಾ ಮೇಡಂ ಅಂತ ನನ್ನನ್ನೇ ಕೇಳಿದ. ಮಕ್ಕಳು ಬಿದ್ದು ಬಿದ್ದು ನಕ್ಕರು. ನಾನೂ ನಕ್ಕೆ, ಆಮೇಲೆ ಎಲ್ಲ ಕಿತ್ತು ಒಳಗಡೆಗೆ ಹೊಡೆಸಿದೆ.

ಸೆಮಿಸ್ಟರು ಶುರುವಾಗುವ ಹೊತ್ತಿಗೆ ಗೋಡೆ, ನೀರು, ಬೆಳಕು ಎಲ್ಲ ತಯಾರು. ಅಷ್ಟರಲ್ಲಿ ಕಾಲೇಜನ್ನು ಪರಿಶೀಲಿಸುವ ಸಮಿತಿಯೊಂದು ಬಂತು. ಅವರಿಗೆ ನಮ್ಮ ಲ್ಯಾಬು ಹಿಡಿಸಲಿಲ್ಲ, ಲೈಬ್ರರಿ ಹಿಡಿಸಲಿಲ್ಲ, ಈ ಶೌಚಾಲಯ ಹಿಡಿಸಿಬಿಟ್ಟಿತು. ಮಾದರಿ ಎಂದು ಹೊಗಳಿ ಹೋದರು. ಹೋದರೋ ಇಲ್ಲವೋ, ಸೈಕಲ್ ಸ್ಟ್ಯಾಂಡಿಗೆ ಉದ್ಘಾಟನೆಯ ಯೋಗ ಬಂತು. ಕಲ್ಲಿನ ಕೆತ್ತನೆಗೆ ಆರ್ಡರ್ ಹೋಯಿತು. ಮಂತ್ರ ಸಿಗದಿದ್ದ ಐನೋರಿಗೆ ಮಂತ್ರ ಸಿಕ್ಕಿತು. ಒಳ್ಳೆಯ ಮುಹೂರ್ತ ಬರುವವರೆಗೆ ಯಾರೂ ಉಪಯೋಗಿಸಬಾರದೆಂದು ದೊಡ್ಡ ಬೀಗ ಬಿತ್ತು. ನಾನು ಪರಮೇಶ್ವರಪ್ಪನವರ ಮುಂದೆ ಗೋಗರೆದೆ, ಆಮೇಲೆ ಜಗಳವನ್ನೂ ಆಡಿದೆ. ಇಷ್ಟು ದಿನ ತಡೆದಿದ್ದಾರೆ, ಇನ್ನು ಸ್ವಲ್ಪ ದಿನ ತಾನೇ ಎಂದರು. ತಡೆಯುವುದು ಅಂದರೆ ಏನೆಂದು ಗಂಡಸರಿಗೆ ಹೇಗೆ ತಿಳಿಸುವುದು ಎಂದು ನನಗೆ ಇವತ್ತಿಗೂ ಗೊತ್ತಿಲ್ಲ. ಸೆಮಿಸ್ಟರು ಶುರುವಾಯಿತು, ಹುಡುಗಿಯರು ತುಂಬಿದ ಬಾಟಲಿ ಹಾಗೇ ವಾಪಸು ಒಯ್ದರು. ನಾಗಮಣಿಗೆ ಮತ್ತೆ ಜ್ವರ ಬಂತು.

ಉದ್ಘಾಟನೆಯ ದಿನ ಬೆಳಿಗ್ಗೆ ಶಾಮಿಯಾನ ಹಾಕಿದ್ದರು. ಬೀಗ ತೆಗೆದು ಒಳಗೆ ತೊಳೆದು, ಬಾಗಿಲಿಗೆ ಚೆಂಡುಹೂವಿನ ಹಾರ, ಅಡ್ಡಕ್ಕೆ ಕೆಂಪು ರಿಬ್ಬನ್ನು ಕಟ್ಟಿದ್ದರು. ಗೇಟಿನ ಹತ್ತಿರ ಆಂಜಿನಪ್ಪ ಕಂಡ. ಇಸ್ತ್ರಿ ಮಾಡಿದ ಅಂಗಿ, ಕೈಯಲ್ಲಿ ಮಗಳ ಚೀಲ. ಸಮಾರಂಭಕ್ಕೆ ಬಂದಿರಬೇಕು ಎಂದುಕೊಂಡು ಖುಷಿಯಿಂದ ಹೋದೆ. ಟೀಸಿ ತೊಗೊಂಡು ಓಗಾಕೆ ಬಂದಿದೀನಿ ಮೇಡಂ ಅಂದ. ನೀವು ಮಾತು ಕೊಟ್ರಿ, ಕಟ್ಟೂ ಕಟ್ಟಿದ್ರಿ, ಆದ್ರೆ ಬೀಗ ನಿಮ್ದಲ್ಲವಲ್ಲ ಅಂದ. ಬೀಗ ತೆಗೆದಾಗಿದೆ, ರಿಬ್ಬನ್ ಕತ್ತರಿಸೋವರೆಗೆ ಸ್ವಲ್ಪ ಹೊತ್ತು ಕೂತ್ಕೊಳ್ಳಿ ಎಂದು ಅವನನ್ನು ಶಾಮಿಯಾನಕ್ಕೆ ಕರೆತಂದೆ.

ಕೂತೆವು. ಕೂತೇ ಇದ್ದೆವು. ರಾಹುಕಾಲ ಮುಗಿಯಬೇಕಿತ್ತು. ಮುಂದಿನ ಸಾಲಿನಲ್ಲಿ ಪರಮೇಶ್ವರಪ್ಪನವರು ತಟ್ಟೆಯಲ್ಲಿ ಕತ್ತರಿ ಇಟ್ಟುಕೊಂಡು, ಪಕ್ಕದಲ್ಲಿ ಐನೋರು ಗಡಿಯಾರ ನೋಡುತ್ತಾ, ಗೌಸ್ ಸಾಬ್ ಜರಿ ಟೋಪಿ ಹಾಕಿಕೊಂಡು. ನಾಗಮಣಿ ನನ್ನ ಹಿಂದೆಯೇ ಕೂತಿದ್ದಳು. ತಿರುಗಿ ನೋಡಿದರೆ ಕುರ್ಚಿ ಖಾಲಿ.

ರಾಹುಕಾಲ ಮುಗಿಯಿತು. ವಾಲಗದವರು ಶುರು ಮಾಡಿದರು. ನಾವೆಲ್ಲ ಎದ್ದು ರಿಬ್ಬನ್ನಿನ ಮುಂದೆ ನಿಂತೆವು. ಐನೋರು ಬಾಯಿ ತೆರೆದರು. ಅಷ್ಟರಲ್ಲಿ ಒಳಗಿನಿಂದ ಬುಸ್ ಎಂದು ಫ್ಲಶ್ಶಿನ ಸದ್ದು ಬಂತು. ವಾಲಗ ತಾನಾಗಿ ನಿಂತಿತು. ಒಳಗೆ ನಲ್ಲಿ ತಿರುಗಿಸಿದ್ದು, ಕೈ ತೊಳೆದದ್ದು ಎಲ್ಲ ಸ್ಪಷ್ಟವಾಗಿ ಕೇಳಿಸಿತು. ಬಾಗಿಲು ತೆರೆದು ನಾಗಮಣಿ ರಿಬ್ಬನ್ನಿನ ಕೆಳಗೆ ಬಗ್ಗಿ ಹೊರಗೆ ಬಂದಳು. ಎದುರಿಗೆ ಕಾರ್ಯದರ್ಶಿ, ಕತ್ತರಿ, ಕ್ಯಾಮೆರಾ. ಒಂದು ಕ್ಷಣ ಕೆಂಪಗಾದಳು. ಆಮೇಲೆ ದುಪಟ್ಟಾದಲ್ಲಿ ಕೈ ಒರೆಸಿಕೊಳ್ಳುತ್ತಾ ಹೇಳಿದಳು.

"ಸಾರಿ ಸಾರ್. ತಡೆಯೋಕಾಗಲಿಲ್ಲ."

ಐನೋರು ರಾಹುಕಾಲದಲ್ಲಿ ಹೊಕ್ಕಿದ್ದಕ್ಕೆ ಶಾಂತಿ ಮಾಡಿಸಬೇಕೆಂದು ಶುರು ಮಾಡಿದರು. ಪರಮೇಶ್ವರಪ್ಪನವರು ಹುಡುಗಿಯ ಮುಖ ನೋಡಿದರು, ಕತ್ತರಿ ನೋಡಿದರು. ಅವರು ಬೈದರೆ ಅಲ್ಲೇ ಕಿತ್ತಾಡುವುದಕ್ಕೆ ಸೆರಗು ಕಟ್ಟಿಕೊಂಡು ನಿಂತಿದ್ದೆ ನಾನು.

"ಆಯ್ತಲ್ಲ ಬುಡಿ ಐನೋರೆ," ಎಂದರು ಅವರು. "ಉದ್ಘಾಟನೆ ಮಾಡೋರು ಮಾಡಾಯ್ತು. ಇನ್ನೇನು ಉಳಿದೈತೆ?" ರಿಬ್ಬನ್ನನ್ನು ಕತ್ತರಿಸಲಿಲ್ಲ, ಕೈಯಲ್ಲೇ ಬಿಚ್ಚಿ ಪಕ್ಕಕ್ಕೆ ಹಾಕಿದರು. ಹುಡುಗಿಯರೆಲ್ಲ ಒಟ್ಟಿಗೆ ನುಗ್ಗಿದರು.

ನಾಗಮಣಿ ಅಪ್ಪನ ಹತ್ತಿರ ಹೋದಳು. ಅವನ ಕೈಯಲ್ಲಿದ್ದ ತನ್ನ ಚೀಲದಿಂದ ನೀರಿನ ಬಾಟಲಿ ತೆಗೆದಳು. ಅಲ್ಲೇ ನಿಂತು, ತಲೆ ಎತ್ತಿ, ಗಟಗಟನೆ ಪೂರ್ತಿ ಕುಡಿದಳು. ಆಂಜಿನಪ್ಪ ಅದು ಖಾಲಿಯಾಗುವವರೆಗೂ ನೋಡುತ್ತಾ ನಿಂತ. ಆಮೇಲೆ ಚೀಲವನ್ನು ಅವಳ ಭುಜಕ್ಕೆ ಹಾಕಿ, ನನ್ನ ಕಡೆ ತಿರುಗಿದ.

"ಅಂಗಾರೆ ನಾನು ಬಸ್ಸಿಗೆ ಓಗ್ತೀನಿ ಮೇಡಂ. ಅವಳು ಸಂಜೆಗೆ ಬರ್ತಾಳೆ."